ರಾತ್ರಿ ಎಂಟರ ಬಿಲಹರಿ

ಮೈಸೂರಿನಲ್ಲಿ ಸಂಗೀತ ಕೇಳಬೇಕಾದರೆ ಒಳ್ಳೆಯ ಕಿವಿಯ ಜೊತೆಗೆ ಗಟ್ಟಿ ಕಾಲೂ ಇರಬೇಕು. ಗಣೇಶನ ಹಬ್ಬ ಬಂತೆಂದರೆ ಒಂಟಿಕೊಪ್ಪಲಿನ 8ನೇ ಕ್ರಾಸಿಗೆ ಹೋಗಬೇಕು. ಅಲ್ಲಿ ಬೀದಿಯಲ್ಲೇ ಚಪ್ಪರ, ಬೀದಿಯಲ್ಲೇ ಕುರ್ಚಿ, ದೇಶದ ದೊಡ್ಡ ದೊಡ್ಡ ವಿದ್ವಾಂಸರ ಕಚೇರಿ. ತಡವಾಗಿ ಹೋದರೆ ಯಾರದೋ ಮನೆಯ ಕಾಂಪೌಂಡಿಗೆ ಒರಗಿಕೊಂಡು ನಿಂತೇ ಕೇಳಬೇಕು. ರಾಮನವಮಿಗೆ ಶಿವರಾಂಪೇಟೆಯ ಕಡೆ, ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರಕ್ಕೆ. ಮಿಕ್ಕ ದಿನಗಳಲ್ಲಿ ಕುವೆಂಪುನಗರದ ವೀಣೆ ಶೇಷಣ್ಣ ಭವನಕ್ಕೆ, ಜೆಎಲ್‌ಬಿ ರಸ್ತೆಯ ನಾದಬ್ರಹ್ಮ ಸಭೆಗೆ. ದಸರೆಯಲ್ಲಿ ಅರಮನೆಯ ಮುಂದೆ. ನಲವತ್ತು ವರ್ಷ ನಾನು ಹೀಗೆ ಸುತ್ತಿದ್ದೇನೆ. ಶಾಲೆ ಬಿಟ್ಟ ಮೇಲೆ ಉತ್ತರಪತ್ರಿಕೆಗಳ ಕಟ್ಟನ್ನು ಚೀಲದಲ್ಲಿಟ್ಟುಕೊಂಡೇ ಕಚೇರಿಗೆ ಹೋದದ್ದುಂಟು.

ಈಗ ನನಗೆ 74. ಕಿವಿ ಇನ್ನೂ ನನ್ನ ಮಾತು ಕೇಳುತ್ತದೆ, ಮೊಣಕಾಲು ಕೇಳುವುದಿಲ್ಲ. ಹಾಗಾಗಿ ಕಚೇರಿಯೇ ಮನೆಗೆ ಬರುತ್ತಿದೆ. ಎಂಟನೇ ತರಗತಿ ಓದುವ ಮೊಮ್ಮಗಳು ಮೊಬೈಲನ್ನು ಟೀವಿಗೆ ಸೇರಿಸಿ, "ಅಜ್ಜೀ, ಲೈವ್ ಶುರುವಾಯ್ತು ಬಾ" ಎಂದು ಕೂಗುತ್ತಾಳೆ. ಕಾಫಿ ಲೋಟ ಹಿಡಿದು ಮೊದಲನೇ ಸಾಲಿನಲ್ಲಿ ಕೂರುತ್ತೇನೆ. ನನ್ನಂಥವರು ಮೈಸೂರಿನಲ್ಲಿ ಮನೆಗೊಬ್ಬರಿದ್ದಾರೆ. ನಮಗೇನೋ ಅನುಕೂಲವಾಯಿತು. ಆದರೆ ಅತ್ತ ಕಡೆ ಕೂತು ಹಾಡುವವರಿಗೆ, ಊದುವವರಿಗೆ, ಬಾರಿಸುವವರಿಗೆ ಇದರಿಂದ ಏನಾಯಿತು? ನಾಲ್ಕೈದು ವರ್ಷಗಳಿಂದ ನನ್ನ ತಲೆಯಲ್ಲಿ ತಿರುಗುತ್ತಿರುವ ಪ್ರಶ್ನೆ ಇದು.

ಕೇಳುವವರನ್ನು ಮುಟ್ಟುವುದು ಹೇಗೆ ಎಂಬುದು ಸಂಗೀತಗಾರರಿಗೆ ಹೊಸ ಚಿಂತೆಯೇನಲ್ಲ. ಪಿಟೀಲು ಚೌಡಯ್ಯನವರ ಹೆಸರನ್ನು ಮಕ್ಕಳು ಬೆಂಗಳೂರಿನ ಪಿಟೀಲಿನಾಕಾರದ ಸಭಾಂಗಣದಿಂದ ತಿಳಿದಿರಬಹುದು. ತಿರುಮಕೂಡಲಿನವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಅವರ ಕಾಲದಲ್ಲಿ ಮೈಕು ಎಲ್ಲ ಕಡೆ ಇರಲಿಲ್ಲ. ದೊಡ್ಡ ಸಭೆಯಲ್ಲಿ ಹಿಂದೆ ಕೂತವರಿಗೆ ನಾಲ್ಕು ತಂತಿಯ ಪಿಟೀಲು ಸರಿಯಾಗಿ ಕೇಳಿಸುತ್ತಿರಲಿಲ್ಲ. ಅದಕ್ಕೇ ಅವರು ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ಕೊನೆಯ ಸಾಲಿನ ಕೇಳುಗನಿಗಾಗಿ ವಾದ್ಯವನ್ನೇ ಬದಲಾಯಿಸಿದರು.

ಸಭೆಯ ಗೋಡೆಯಾಚೆ ಇರುವವರ ಗತಿಯೇನು? ಅದಕ್ಕೂ ಮೈಸೂರಿನವರೇ ಒಬ್ಬರು ದಾರಿ ಹುಡುಕಿದರು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲೇ ರೇಡಿಯೋ ಕೇಂದ್ರ ಶುರುಮಾಡಿದರು. ಕೈಯಿಂದ ಹಣ ಹಾಕಿ ನಡೆಸಿದರು. ಅದಕ್ಕೆ ಇಟ್ಟ ಹೆಸರು 'ಆಕಾಶವಾಣಿ'. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು. ಇಂದು ಹುಡುಗರು ಮನೆಯ ಕೋಣೆಯಲ್ಲಿ ಕೂತು ಚಾನೆಲ್ ಶುರುಮಾಡಿದರೆ ನಾವು ಬೆರಗಾಗುತ್ತೇವೆ. ನಮ್ಮೂರಿನ ಮೇಷ್ಟ್ರೊಬ್ಬರು ಸುಮಾರು ತೊಂಬತ್ತು ವರ್ಷದ ಹಿಂದೆಯೇ ಆ ಕೆಲಸ ಮಾಡಿದ್ದರು.

ಆದರೆ ರೇಡಿಯೋ ಮಾತಾಡುತ್ತದೆ, ನಮ್ಮ ಮಾತು ಕೇಳಿಸಿಕೊಳ್ಳುವುದಿಲ್ಲ. ರೇಡಿಯೋದಲ್ಲಿ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಬಂದಾಗ ನಮ್ಮ ತಂದೆ "ಭೇಷ್!" ಎಂದು ತೊಡೆ ತಟ್ಟುತ್ತಿದ್ದರು. ಆ ಭೇಷ್ ನಮ್ಮ ನಡುಮನೆ ದಾಟಿ ಹೋಗುತ್ತಿರಲಿಲ್ಲ. ತೀರಾ ಮನಸ್ಸಿಗೆ ಹತ್ತಿದರೆ ಒಂದು ಕಾರ್ಡು ಬರೆದು ಆಕಾಶವಾಣಿಗೆ ಹಾಕುತ್ತಿದ್ದರು, ಅಷ್ಟೇ.

ಕೇಳುಗನೊಬ್ಬ ದೂರದ ಕಲಾವಿದನನ್ನು ಹುಡುಕಿಕೊಂಡು ಹೋದರೆ ಏನಾಗಬಹುದು ಎಂಬುದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆಯೂ ಮೈಸೂರಿನದೇ. ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರೆಂದು ನಮಗೆ ಗೊತ್ತು. ಅವರಿಗೆ ಪಾಶ್ಚಾತ್ಯ ಸಂಗೀತವೂ ಅಷ್ಟೇ ಪ್ರಿಯ, ಸ್ವತಃ ಪಿಯಾನೋ ನುಡಿಸುತ್ತಿದ್ದರು. ರಷ್ಯಾದಲ್ಲಿ ಹುಟ್ಟಿದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಗಾರನ ರಚನೆಗಳೆಂದರೆ ಅವರಿಗೆ ಪ್ರಾಣ. ಮೆಟ್ನರ್ ಆಗ ಲಂಡನ್ನಿನಲ್ಲಿದ್ದರು. ವಯಸ್ಸಾಗಿತ್ತು, ಹೃದಯದ ಕಾಯಿಲೆ, ಎರಡನೇ ಮಹಾಯುದ್ಧದಿಂದ ಸಂಪಾದನೆಯೂ ಕುಸಿದಿತ್ತು. ಲೋಕ ಅವರನ್ನು ಮರೆಯುತ್ತಾ ಬಂದಿತ್ತು. ಯುದ್ಧ ಮುಗಿದ ಮೇಲೆ ಮಹಾರಾಜರು ತಾವಾಗಿಯೇ ಮುಂದೆ ಬಂದು, ಮೆಟ್ನರ್ ಅವರ ರಚನೆಗಳನ್ನು ಅವರ ಕೈಯಲ್ಲೇ ನುಡಿಸಿ ಗ್ರಾಮಫೋನ್ ತಟ್ಟೆಗಳಲ್ಲಿ ಉಳಿಸಲು ಹಣ ಕೊಟ್ಟರು. ಅದಕ್ಕಾಗಿ ಮೆಟ್ನರ್ ಸೊಸೈಟಿ ಎಂಬ ಸಂಸ್ಥೆಯೇ ಆಯಿತು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ಅವರು ತೀರಿಕೊಂಡರು. ಅವರು ನುಡಿಸಿದ್ದು ಇಂದಿಗೂ ಉಳಿದಿದೆ. ಮೈಸೂರಿನಲ್ಲಿ ಕೂತ ಒಬ್ಬ ಅಭಿಮಾನಿಯಿಂದಾಗಿ ಉಳಿದಿದೆ.

ಅದು ಮಹಾರಾಜರ ಮಾತಾಯಿತು. ಅವರಿಗೆ ಖಜಾನೆ ಇತ್ತು, ಲಂಡನ್ನಿನಲ್ಲಿ ಕೆಲಸ ಮಾಡಿಕೊಡುವ ಜನ ಇದ್ದರು. ಪಿಂಚಣಿಯಲ್ಲಿ ಬದುಕುವ ನನ್ನಂಥವಳು ಯಾವ ಕಲಾವಿದನನ್ನು ಹೇಗೆ ಮುಟ್ಟುವುದು? ಅಂತರ್ಜಾಲ ಬಂದು ಬದಲಾಯಿಸಿದ್ದು ಇದನ್ನೇ. ಹೋಗುವ ದಾರಿ ಇದ್ದ ಹಾಗೆ ಬರುವ ದಾರಿಯೂ ತೆರೆಯಿತು.

ದೊಡ್ಡ ಹೆಸರುಗಳಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಮೈಸೂರಿನಲ್ಲಿ ಬೆಳೆದು ಇಲ್ಲೇ ಸೂಕ್ಷ್ಮಜೀವಿ ಶಾಸ್ತ್ರ ಓದಿದ ರಘು ದೀಕ್ಷಿತ್ ಶಿಶುನಾಳ ಶರೀಫರ ಹಾಡುಗಳನ್ನು ಗಿಟಾರ್ ಹಿಡಿದು ಹಾಡಿದರು. ಅವರ ಮೊದಲ ಆಲ್ಬಮ್ ಬಂದದ್ದು 2008ರಲ್ಲಿ. 2010ರಲ್ಲಿ ಬಿಬಿಸಿ ಟೀವಿಯ ಸಂಗೀತ ಕಾರ್ಯಕ್ರಮವೊಂದರಲ್ಲಿ ಅವರ ತಂಡ ಹಾಡಿತು. ಹಿಂದಿನ ಕಾಲವಾಗಿದ್ದರೆ ಕೇಳಿದವರು "ಚೆನ್ನಾಗಿತ್ತು" ಎಂದು ಮಲಗುತ್ತಿದ್ದರು. ಆದರೆ ಬ್ರಿಟನ್ನಿನ ಜನ ಅಂತರ್ಜಾಲದಲ್ಲಿ ಹುಡುಕಿ ಆಲ್ಬಮ್ಮನ್ನೇ ಕೊಂಡರು. ಕನ್ನಡದ ಒಂದು ಅಕ್ಷರ ಬಾರದವರು ಶರೀಫಜ್ಜನನ್ನು ಕೇಳಿದರು. ಇನ್ನೊಬ್ಬರು ಮೈಸೂರಿನ ಅನನ್ಯ ಭಟ್. ಶಿವರಾತ್ರಿಯ ವೇದಿಕೆಯೊಂದರಲ್ಲಿ ಅವರು ಹಾಡಿದ 'ಸೋಜುಗಾದ ಸೂಜುಮಲ್ಲಿಗೆ' ಯೂಟ್ಯೂಬಿನಲ್ಲಿ ಊರೂರು ಸುತ್ತಿತು. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಬಾಯಲ್ಲಿದ್ದ ಪದ ಅದು. ಬೇರೆ ಬೇರೆ ಭಾಷೆಯವರು ಅದರ ಕೆಳಗೆ ಅರ್ಥ ಕೇಳಿ ಬರೆದರು, ಗೊತ್ತಿದ್ದ ಕನ್ನಡಿಗರು ಉತ್ತರ ಬರೆದರು.

ಇವೆಲ್ಲ ಪತ್ರಿಕೆಯಲ್ಲಿ ಬರುವ ಸುದ್ದಿ. ನಾನು ಹೇಳಬೇಕೆಂದಿರುವುದು ಪತ್ರಿಕೆಯಲ್ಲಿ ಬಾರದ ಒಂದು ಸುದ್ದಿ.

ನಮ್ಮ ಬೀದಿಯ ಕೊನೆಯಲ್ಲಿ ನಾಗಸ್ವರದವರ ಮನೆ ಇದೆ. ಬೀದಿಯವರೆಲ್ಲ ಅವರನ್ನು ವಿದ್ವಾನರೇ ಎಂದು ಕರೆಯುತ್ತೇವೆ. ಅವರ ತಂದೆ, ತಾತ ಎಲ್ಲರೂ ಓಲಗದವರು. ನನ್ನ ಮಗಳ ಮದುವೆಗೆ ಊದಿದ್ದು ಅವರೇ. ಚೈತ್ರದಿಂದ ಜ್ಯೇಷ್ಠದವರೆಗಿನ ಮದುವೆಯ ದಿನಗಳಲ್ಲಿ ದುಡಿದದ್ದೇ ಅವರಿಗೆ ವರ್ಷದ ಅನ್ನ. ಮಿಕ್ಕಂತೆ ದೇವಸ್ಥಾನದ ಉತ್ಸವ, ಗೃಹಪ್ರವೇಶ, ಅಲ್ಲೊಂದು ಇಲ್ಲೊಂದು.

2020ರ ಮಾರ್ಚ್ ಕೊನೆಯಲ್ಲಿ ದೇಶಕ್ಕೆ ಬೀಗ ಬಿತ್ತು. ಛತ್ರಗಳು ಮುಚ್ಚಿದವು. ಗೊತ್ತಾಗಿದ್ದ ಮದುವೆಗಳು ಮುಂದಕ್ಕೆ ಹೋದವು, ಕೆಲವು ಮನೆಯೊಳಗೇ ಹತ್ತು ಜನರಲ್ಲಿ ಮುಗಿದವು. ವಿದ್ವಾನರು ಮುಂಗಡ ಪಡೆದಿದ್ದ ಹಣವನ್ನು ಒಂದೊಂದೇ ಮನೆಗೆ ಹಿಂದಿರುಗಿಸಿದರು. ಆ ವರ್ಷ ದಸರೆಯ ಜಂಬೂ ಸವಾರಿಯೇ ಅರಮನೆಯ ಆವರಣ ದಾಟಲಿಲ್ಲ, ನಾವು ಅದನ್ನು ಪರದೆಯ ಮೇಲೆ ನೋಡಿದೆವು. ಇನ್ನು ಓಲಗದವರನ್ನು ಕೇಳುವವರು ಯಾರು? ಜೂನ್ ಹೊತ್ತಿಗೆ ಅವರು ಹೊಸ ಬಡಾವಣೆಯ ಅಪಾರ್ಟ್‌ಮೆಂಟೊಂದರಲ್ಲಿ ರಾತ್ರಿ ಕಾವಲಿಗೆ ಸೇರಿದರು. ಬೆಳಿಗ್ಗೆ ನೀಲಿ ಸಮವಸ್ತ್ರದಲ್ಲಿ ಸೈಕಲ್ ತುಳಿದುಕೊಂಡು ಬರುವಾಗ ನಮ್ಮ ಗೇಟಿನ ಮುಂದೆ ತಲೆ ತಗ್ಗಿಸಿಕೊಂಡೇ ಹೋಗುತ್ತಿದ್ದರು. ಒಂದು ದಿನ ನಾನೇ ತಡೆದು ಕೇಳಿದೆ, "ಸಾಧಕ ಬಿಟ್ಟಿಲ್ಲ ತಾನೇ?"

"ಯಾರಿಗೆ ಊದೋದು ಟೀಚರಮ್ಮಾ?" ಎಂದರು. "ಮನೇಲಿ ಊದಿದ್ರೆ ಅಕ್ಕಪಕ್ಕದವರು ಯಾರ ಮನೇಲಿ ಮದುವೆ ಅಂತಾರೆ."

ಅವರ ಮಗ ಡಿಪ್ಲೊಮಾ ಓದುತ್ತಿದ್ದ. ಓಲಗ ಕಲಿಯಲು ಒಲ್ಲೆ ಎಂದವನು. ಅಪ್ಪನ ಸಮವಸ್ತ್ರ ಅವನಿಗೂ ನೋವು ಕೊಟ್ಟಿರಬೇಕು. ಒಂದು ಭಾನುವಾರ ಬೆಳಗಿನ ಜಾವ, ಕಾವಲು ಮುಗಿಸಿ ಬಂದ ಅಪ್ಪನಿಗೆ ಪಂಚೆ ಉಡಿಸಿ, ಹಣೆಗೆ ಕುಂಕುಮ ಇಡಿಸಿ, ತಾರಸಿಯ ಮೇಲೆ ಕೂರಿಸಿದ. ಪುಸ್ತಕಗಳ ರಾಶಿಗೆ ಮೊಬೈಲ್ ಒರಗಿಸಿ, ಅವರು ಭೂಪಾಳ ಊದಿದ್ದನ್ನು ಚಿತ್ರಿಸಿ ಯೂಟ್ಯೂಬಿಗೆ ಹಾಕಿದ. ವಾರ ಕಳೆದರೂ ನೋಡಿದವರು ನಲವತ್ತು ಜನ. ಅದರಲ್ಲಿ ಹತ್ತು ಸಲ ನಮ್ಮ ಮನೆಯಿಂದಲೇ.

ಡೋಲಿಲ್ಲದೆ ಓಲಗ ಬರಿದು. ಡೋಲಿನವರು ನಂಜನಗೂಡಿನಲ್ಲಿದ್ದರು. ಹುಡುಗ ವಿಡಿಯೋ ಕರೆಯಲ್ಲಿ ಇಬ್ಬರನ್ನೂ ಸೇರಿಸಿ ನುಡಿಸಲು ನೋಡಿದ. ಅದು ಆಗುವ ಕೆಲಸವಲ್ಲ. ಯಾಕೆ ಗೊತ್ತೇ ಮಕ್ಕಳೇ? ಶಬ್ದ ಗಾಳಿಯಲ್ಲಿ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಪಕ್ಕದಲ್ಲೇ ಕೂತ ಡೋಲಿನ ಪೆಟ್ಟು ಕಿವಿಗೆ ಬರಲು ಸೆಕೆಂಡಿನ ನೂರನೇ ಒಂದು ಭಾಗವೂ ಬೇಡ. ಅಂತರ್ಜಾಲದಲ್ಲಿ ಆ ಪೆಟ್ಟು ಅಂಕಿಗಳಾಗಿ, ಪೊಟ್ಟಣಗಳಾಗಿ, ಎಲ್ಲೆಲ್ಲೋ ಸುತ್ತಿ ಮತ್ತೆ ಶಬ್ದವಾಗಬೇಕು. ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ಡೋಲಿನವರು 34 ಮೀಟರ್ ದೂರದಲ್ಲಿ ನಿಂತು ಬಾರಿಸಿದ ಹಾಗಾಯಿತು. ಮಾತಿಗೆ ಅಷ್ಟು ತಡ ಗೊತ್ತೇ ಆಗುವುದಿಲ್ಲ. ತಾಳಕ್ಕೆ ಅದು ಸಾಕು, ಕಾಲು ಮುರಿಯಲು. ಆ ದಿನಗಳಲ್ಲಿ ಹತ್ತಾರು ಜನ ಹತ್ತಾರು ಊರಿಂದ ಒಟ್ಟಿಗೆ ಹಾಡಿದಂತೆ ಕಾಣುತ್ತಿದ್ದ ವಿಡಿಯೋಗಳೆಲ್ಲ ಬೇರೆ ಬೇರೆ ಹಾಡಿಸಿ ಆಮೇಲೆ ಹೊಲಿದವು. ಇವನೂ ಹಾಗೆಯೇ ಮಾಡಿದ. ಡೋಲಿನವರು ಮೊದಲು ಆದಿತಾಳ ಬಾರಿಸಿ ಕಳಿಸಿದರು. ಅದನ್ನು ಕಿವಿಗೆ ಹಾಕಿಕೊಂಡು ವಿದ್ವಾನರು ಊದಿದರು.

ಮೂರು ತಿಂಗಳಾದ ಮೇಲೆ ಒಂದು ರಾತ್ರಿ ಆ ವಿಡಿಯೋದ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದ ಒಂದು ಸಾಲು ಬಂತು. ಬರೆದವಳು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಹೆಣ್ಣುಮಗಳು, ಸರಸ್ವತಿಪುರಂನಲ್ಲಿ ಬೆಳೆದವಳು. "ನನ್ನ ಮದುವೆಗೆ ನುಡಿಸಿದ್ದು ನೀವೇ ಅಲ್ಲವೇ? ಧಾರೆಯ ಹೊತ್ತಿಗೆ ಅಪ್ಪ ಅತ್ತದ್ದು ನೆನಪಾಯಿತು. ಅಪ್ಪ ಈಗಿಲ್ಲ." ಮಗ ಓದಿ ಹೇಳಿದ. ವಿದ್ವಾನರು ಇನ್ನೊಂದು ಸಲ ಓದು ಎಂದರಂತೆ. ಮೂವತ್ತು ವರ್ಷದಿಂದ ಸಾವಿರಾರು ಮದುವೆಗೆ ಊದಿದ್ದಾರೆ. ಛತ್ರದಲ್ಲಿ ಜನ ಮಾತಾಡುತ್ತಿರುತ್ತಾರೆ, ಸೀರೆ ನೋಡುತ್ತಿರುತ್ತಾರೆ, ಊಟದ ಪಂಕ್ತಿಗೆ ಓಡುತ್ತಿರುತ್ತಾರೆ. ಓಲಗವನ್ನು ಯಾರಾದರೂ ಕೇಳಿಸಿಕೊಂಡಿದ್ದಾರೆಂದು ಅವರಿಗೆ ಗೊತ್ತಾದದ್ದು ಅವತ್ತೇ. "ನಮ್ಮ ಕಡೆ ತಿರುಗಿ ನೋಡೋರು ಅಡುಗೆಯವರು ಮಾತ್ರ ಅಂದ್ಕೊಂಡಿದ್ದೆ ಟೀಚರಮ್ಮಾ" ಎಂದರು ಮಾರನೆಯ ದಿನ. ನಕ್ಕರು, ಕಣ್ಣೂ ಒರೆಸಿಕೊಂಡರು.

ಆ ಹೆಣ್ಣುಮಗಳ ಮನೆಯ ಗೃಹಪ್ರವೇಶ ಶ್ರಾವಣದಲ್ಲಿತ್ತು. ವಿಡಿಯೋ ಕರೆಯಲ್ಲಿ ಊದುತ್ತೀರಾ ಎಂದು ಕೇಳಿದಳು. ಅಲ್ಲಿನ ಬೆಳಿಗ್ಗೆ ಏಳೂವರೆ ಎಂದರೆ ನಮ್ಮ ರಾತ್ರಿ ಎಂಟು ಗಂಟೆ. ವಿದ್ವಾನರಿಗೆ ಪೇಚಾಟ ಶುರುವಾಯಿತು. ಬೆಳಗಿನ ಶುಭಕಾರ್ಯಕ್ಕೆ ಬಿಲಹರಿ ಊದಬೇಕು. ರಾತ್ರಿ ಎಂಟಕ್ಕೆ ಬಿಲಹರಿ ಊದಿದರೆ ತಾತ ಬಂದು ಬೆನ್ನಿಗೆ ಕೊಡುತ್ತಾರೆ! ನನ್ನನ್ನು ಕೇಳಲು ಬಂದರು. ನಾನೇನು ಹೇಳಲಿ, ಕೇಳಿ ಅಭ್ಯಾಸವೇ ಹೊರತು ಶಾಸ್ತ್ರ ಓದಿದವಳಲ್ಲ. ಅಲ್ಲೇ ಕೂತಿದ್ದ ನನ್ನ ಮೊಮ್ಮಗಳು, "ಕೇಳೋರ ಮನೇಲಿ ಬೆಳಗಾಗಿರತ್ತಲ್ಲ ತಾತ" ಎಂದಳು. ವಿದ್ವಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಸರಿಯೇ" ಎಂದು ಎದ್ದುಹೋದರು.

ಅವತ್ತು ರಾತ್ರಿ ನಮ್ಮ ಬೀದಿಯಲ್ಲಿ ಬಿಲಹರಿ ಮೊಳಗಿತು. ಎದುರು ಮನೆಯ ಹಿರಿಯರು ಬಾಗಿಲು ತೆಗೆದು ಆಕಾಶ ನೋಡಿದರು. ಮೊದಲ ಐದು ನಿಮಿಷ ಮಾತ್ರ ಒಂದು ತೊಂದರೆ. "ಶ್ರುತಿ ಕೇಳಿಸ್ತಿಲ್ಲ" ಎಂದು ಅಲ್ಲಿಂದ ಹೇಳಿದರು. ಶ್ರುತಿಪೆಟ್ಟಿಗೆ ಪಕ್ಕದಲ್ಲೇ ಮೊರೆಯುತ್ತಿತ್ತು. ಹುಡುಗ ಕಾರಣ ಹುಡುಕಿದ. ಇಂಥ ಆ್ಯಪ್‌ಗಳು ಸಭೆ ಸೇರಿ ಮಾತಾಡುವವರಿಗಾಗಿ ಮಾಡಿದವು. ಒಂದೇ ಸಮನೆ ಬರುವ ಸದ್ದನ್ನು ಅವು ಫ್ಯಾನಿನದೋ ಫ್ರಿಜ್ಜಿನದೋ ಗದ್ದಲ ಎಂದುಕೊಂಡು ಅಳಿಸಿಬಿಡುತ್ತವೆ. ನಮ್ಮ ಸಂಗೀತಕ್ಕೆ ತಾಯಿಯಂತಿರುವ ಶ್ರುತಿ ಯಂತ್ರದ ಲೆಕ್ಕದಲ್ಲಿ ಗದ್ದಲ! ಸೆಟ್ಟಿಂಗಿನೊಳಗೆ ಹೊಕ್ಕು, ಸದ್ದನ್ನು ಶೋಧಿಸದೆ ಇದ್ದಂತೆಯೇ ಕಳಿಸು ಎಂಬ ಗುಂಡಿಯನ್ನು ಹುಡುಕಿ ಒತ್ತಿದ. ಆಮೇಲೆ ಎಲ್ಲ ಸರಾಗ.

ಗೃಹಪ್ರವೇಶದ ಸಂಭಾವನೆ ಬ್ಯಾಂಕಿಗೆ ಬಂತು. ಅದಕ್ಕಿಂತ ದೊಡ್ಡದು, ಅಲ್ಲಿ ನೋಡಿದವರು ಇನ್ನೂ ನಾಲ್ಕು ಮನೆಯವರಿಗೆ ಹೇಳಿದ್ದು. ವಾರಕ್ಕೊಂದು ದಿನ ಕಾವಲಿಗೆ ರಜೆ ಹಾಕಿ ಊದಿದರು. ಇದರಿಂದ ಸಂಸಾರ ನಡೆಯಿತೇ ಎಂದರೆ ಪೂರ್ತಿ ಇಲ್ಲ. ಯೂಟ್ಯೂಬಿನಿಂದ ದುಡ್ಡು ಸುರಿಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಜಾಹೀರಾತಿನ ಪಾಲು ಸಿಗಬೇಕಾದರೆ ಮೊದಲು ಚಾನೆಲ್ಲಿಗೆ ಸಾವಿರ ಚಂದಾದಾರರು ಬೇಕು. ಜೊತೆಗೆ ಒಂದು ವರ್ಷದಲ್ಲಿ ಜನ ಒಟ್ಟು 4,000 ಗಂಟೆ ನೋಡಿರಬೇಕು. ಮಕ್ಕಳೇ, ಲೆಕ್ಕ ಹಾಕಿ: ಅದು 2,40,000 ನಿಮಿಷ. ಒಬ್ಬೊಬ್ಬರು ಮೂರು ನಿಮಿಷ ನೋಡಿ ಹೋದರೆ 80,000 ಸಲ ನೋಡಬೇಕಾಯಿತು. ಚಿಕ್ಕ ತುಣುಕು ಹಾಡುಗಳ ಕುಣಿತ ಅದನ್ನು ನಾಲ್ಕು ದಿನದಲ್ಲಿ ದಾಟಬಹುದು, ಅರ್ಧ ಗಂಟೆಯ ನಾಗಸ್ವರಕ್ಕೆ ಅದು ಬೆಟ್ಟ. ಇವರ ಕೈಹಿಡಿದದ್ದು ಲಕ್ಷಾಂತರ ಜನವಲ್ಲ. ನೂರಿನ್ನೂರು ಜನ, ಹೆಸರು ಹಿಡಿದು ಕರೆಯಬಹುದಾದಂಥವರು. ಮೆಟ್ನರ್‌ಗೆ ಒಬ್ಬ ಮಹಾರಾಜ ಸಿಕ್ಕ, ನಮ್ಮ ವಿದ್ವಾನರಿಗೆ ಒಂದೊಂದು ಹಿಡಿ ತಂದುಕೊಡುವ ನೂರು ಮನೆಯವರು ಸಿಕ್ಕರು.

ಕಷ್ಟಕಾಲ ಕಳೆದು ಮದುವೆಗಳು ಮತ್ತೆ ಶುರುವಾದವು. ವಿದ್ವಾನರು ಸಮವಸ್ತ್ರ ಬಿಟ್ಟರು. ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಬರುವ ದಾರಿ ತೆರೆದರೆ ಬೇಡದ್ದೂ ಬರುತ್ತದೆ.

ಎರಡು ವರ್ಷದ ಹಿಂದೆ ನಮ್ಮ ಬಡಾವಣೆಯ ಒಂದು ಮದುವೆಗೆ ಹೋಗಿದ್ದೆ. ವಿದ್ವಾನರೂ ಬಂದಿದ್ದರು, ನೆಂಟರ ಹಾಗೆ, ಕೈಬೀಸಿಕೊಂಡು. ವೇದಿಕೆಯ ಪಕ್ಕ ಓಲಗದವರು ಕೂರುವ ಜಾಗದಲ್ಲಿ ಎರಡು ದೊಡ್ಡ ಸ್ಪೀಕರ್ ನಿಂತಿದ್ದವು. ಅದರಿಂದ ನಾಗಸ್ವರ ಬರುತ್ತಿತ್ತು. ನಾಲ್ಕು ಸ್ವರ ಕೇಳುತ್ತಿದ್ದಂತೆ ಗೊತ್ತಾಯಿತು, ಅದು ನಮ್ಮ ವಿದ್ವಾನರದೇ. ಅವರದೇ ತಾರಸಿ, ಅವರದೇ ಭೂಪಾಳ. ಮನೆಯವರು ಮೊಬೈಲಿನಿಂದ ಹಾಕಿದ್ದರು. "ಅಷ್ಟು ಚೆನ್ನಾಗಿ ಸಿಗುವಾಗ ಮತ್ತೆ ಖರ್ಚು ಯಾಕೆ" ಎಂದು ಯಾರೋ ಹೇಳುತ್ತಿದ್ದರು. ವಿದ್ವಾನರು ತಲೆ ತಗ್ಗಿಸಿ ಬೆರಳಲ್ಲಿ ತಾಳ ಹಾಕುತ್ತಿದ್ದರು. ಅವರ ಓಲಗವೇ ಅವರ ಅನ್ನಕ್ಕೆ ಅಡ್ಡ ನಿಂತಿತ್ತು. ದೇವಸ್ಥಾನಗಳಲ್ಲಿ ಮಂಗಳಾರತಿಗೆ ವಿದ್ಯುತ್ತಿನಿಂದ ತಾನೇ ಬಡಿದುಕೊಳ್ಳುವ ನಗಾರಿ–ಜಾಗಟೆ ಬಂದಾಗ ಬಾರಿಸುವವರಿಗೆ ಹೀಗೇ ಆಗಿರಬೇಕು.

ಮುಹೂರ್ತ ಬಂತು. ಪುರೋಹಿತರು ಕೈಯೆತ್ತಿ "ಗಟ್ಟಿಮೇಳ, ಗಟ್ಟಿಮೇಳ!" ಎಂದರು. ಗಟ್ಟಿಮೇಳ ಎಂದರೆ ಸುಮ್ಮನೆ ಜೋರು ಸದ್ದಲ್ಲ. ಡೋಲಿನವರ ಕಣ್ಣು ಪುರೋಹಿತರ ಬೆರಳಿನ ಮೇಲೇ ಇರಬೇಕು. ಆ ಬೆರಳು ಏಳುತ್ತಿದ್ದಂತೆ ನಡೆಯುತ್ತಿದ್ದ ರಾಗವನ್ನು ಅಲ್ಲೇ ಬಿಟ್ಟು ಮೇಳ ಏರಬೇಕು. ಮೂರನೇ ಗಂಟು ಬೀಳುವವರೆಗೂ ಇಳಿಯಬಾರದು. ಅಪಶಬ್ದ ಯಾವುದೂ ಆ ಗಳಿಗೆಯಲ್ಲಿ ಕಿವಿಗೆ ಬೀಳಬಾರದೆಂದು ಹಿರಿಯರು ಮಾಡಿದ ಏರ್ಪಾಟು ಅದು. ಮೊಬೈಲಿಗೆ ಕಣ್ಣೆಲ್ಲಿದೆ? ಯಾರೋ ಹುಡುಗ ಓಡಿಹೋಗಿ ಬೇರೆ ವಿಡಿಯೋ ಒತ್ತಿದ. ಸ್ಪೀಕರಿನಿಂದ ಗಟ್ಟಿಯಾಗಿ ಮೊಣಕಾಲು ನೋವಿನ ಎಣ್ಣೆಯ ಜಾಹೀರಾತು ಹೊರಟಿತು! ವರ ತಾಳಿ ಹಿಡಿದು ಹಾಗೇ ನಿಂತ. ಹುಡುಗಿಯ ಅಜ್ಜಿಗೆ ಏನು ಹೊಳೆಯಿತೋ, ಆರತಿಯ ತಟ್ಟೆಯನ್ನು ಬರಿದು ಮಾಡಿ ಚಮಚದಲ್ಲಿ ಬಾರಿಸತೊಡಗಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಗುವಿನ ನಡುವೆ ಮಾಂಗಲ್ಯಧಾರಣೆ ಆಯಿತು.

ಮದುಮಗಳ ತಂದೆ ಆಮೇಲೆ ವಿದ್ವಾನರನ್ನು ಗುರುತಿಸಿ ಪಕ್ಕಕ್ಕೆ ಬಂದು ಕೂತರು. ಅವರ ಎರಡನೇ ಮಗಳ ಮದುವೆಗೆ ಮುಂಗಡ ಅಲ್ಲೇ ಕೈಗೆ ಬಂತು. ವಿದ್ವಾನರು ಮನೆಗೆ ಬಂದ ಮೇಲೆ ಮಗನ ಜೊತೆ ಕೂತು ಒಂದು ತೀರ್ಮಾನ ಮಾಡಿದರು. ವಿಡಿಯೋ ನಿಲ್ಲಿಸಲಿಲ್ಲ, ರೀತಿ ಬದಲಾಯಿಸಿದರು. ಈಗ ಅವರು ಅರ್ಧ ಗಂಟೆಯ ಮಂಗಳವಾದ್ಯ ಹಾಕುವುದಿಲ್ಲ. ಐದು ನಿಮಿಷ ಒಂದು ರಾಗ ಊದಿ, ಐದು ನಿಮಿಷ ಮಾತಾಡುತ್ತಾರೆ. ನಾಗಸ್ವರದ ತುದಿಯ ಸೀವಳಿಯನ್ನು ಒಣಗಿದ ಜೊಂಡಿನಿಂದ ಹೇಗೆ ಮಾಡುತ್ತಾರೆ, ಮಳೆಗಾಲದಲ್ಲಿ ಅದು ಹೇಗೆ ಸತಾಯಿಸುತ್ತದೆ, ಕಾಶೀಯಾತ್ರೆಗೆ ಏನು ಊದಬೇಕು, ಹೆಣ್ಣು ಒಪ್ಪಿಸುವಾಗ ಏನು, ಉಯ್ಯಾಲೆಗೆ ಏನು. ಕೊನೆಯಲ್ಲಿ, "ನೇರ ಕೇಳಬೇಕು ಅಂದ್ರೆ ಕರೀರಿ, ಬರ್ತೀವಿ" ಎನ್ನುತ್ತಾರೆ. ಈಗ ಮದುವೆ ಗೊತ್ತುಮಾಡಲು ಬರುವವರು, "ಆ ವಿಡಿಯೋದಲ್ಲಿ ಊದಿದ್ರಲ್ಲ, ಅದೇ ಬೇಕು" ಎಂದು ರಾಗ ಕೇಳಿ ಬರುತ್ತಾರೆ. ಮೊದಲು ಗಂಟೆಯ ಲೆಕ್ಕ ಮಾತ್ರ ಕೇಳುತ್ತಿದ್ದರು.

ಮಗ ಡಿಪ್ಲೊಮಾ ಮುಗಿಸಿ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. ಅಪ್ಪನ ವಿಡಿಯೋಗಳ ಕೆಳಗೆ ಬರುವ ಪ್ರಶ್ನೆಗಳಿಗೆ ಉತ್ತರ ಬರೆಯುವವನು ಅವನೇ. ಉತ್ತರ ಬರೆಯಬೇಕಾದರೆ ಅಪ್ಪನನ್ನು ಕೇಳಬೇಕು, ಕೇಳಿದರೆ ಅಪ್ಪ ಹಾಡಿ ತೋರಿಸುತ್ತಾರೆ. ಹೀಗೆ ಕೇಳುತ್ತಾ ಕೇಳುತ್ತಾ, ಯಾರೂ ಹೇಳದೆಯೇ, ಕಳೆದ ವಿಜಯದಶಮಿಯಿಂದ ಅವನು ಸಂಜೆ ಊದಲು ಕೂರುತ್ತಿದ್ದಾನೆ. ಸದ್ಯಕ್ಕೆ ಸರಳೆ ವರಸೆ. ಬೀದಿಯವರೆಲ್ಲ ತಾಳ್ಮೆಯಿಂದ ಕೇಳಿಕೊಳ್ಳುತ್ತಿದ್ದೇವೆ.

ಮನೆಯಲ್ಲಿ ಕೂತು ಕೇಳುವ ನಾವು ಮಾಡಬಹುದಾದದ್ದು ಏನು? ವಿದ್ವಾನರ ಮಗನನ್ನು ಕೇಳಿ ನಾನು ಮತ್ತು ಮೊಮ್ಮಗಳು ಕೆಲವು ಪದ್ಧತಿ ಮಾಡಿಕೊಂಡಿದ್ದೇವೆ. ಒಂದು, ಹಿಡಿಸಿದ ಹಾಡನ್ನು ಇಳಿಸಿಕೊಂಡು ವಾಟ್ಸ್‌ಆ್ಯಪಿನಲ್ಲಿ ಹಂಚುವುದಿಲ್ಲ, ಅದರ ಕೊಂಡಿಯನ್ನೇ ಕಳಿಸುತ್ತೇವೆ. ಇಳಿಸಿಕೊಂಡ ಹಾಡು ಊರೆಲ್ಲ ಸುತ್ತಿದರೂ ಹಾಡಿದವರಿಗೆ ಅದರ ಸುಳಿವೇ ಹತ್ತುವುದಿಲ್ಲ. ಕೊಂಡಿ ಒತ್ತಿದರೆ ಕೇಳುವವರು ಅವರ ಮನೆಬಾಗಿಲಿಗೇ ಹೋಗುತ್ತಾರೆ. ಎರಡು, ಮಧ್ಯದಲ್ಲಿ ಎದ್ದುಹೋಗುವುದಿಲ್ಲ, ಮಂಗಳದವರೆಗೂ ಕೇಳುತ್ತೇವೆ. ಎದ್ದುಹೋದದ್ದು ಸಭೆಯಲ್ಲಿ ಕಾಣುವ ಹಾಗೆಯೇ ಅಲ್ಲೂ ಅಂಕಿಯಾಗಿ ಕಾಣುತ್ತದಂತೆ. ಮೂರು, ನಮ್ಮ ಮನೆಯ ಕಾರ್ಯಕ್ಕೆ ಸ್ಪೀಕರ್ ಕರೆಯುವುದಿಲ್ಲ, ಜನ ಕರೆಯುತ್ತೇವೆ.

ನಾಲ್ಕನೆಯದರ ಬಗ್ಗೆ ನನಗೂ ಮೊಮ್ಮಗಳಿಗೂ ವಾದ ನಡೆಯುತ್ತಲೇ ಇದೆ. ಹಾಡು ಹಿಡಿಸಿದರೆ ಅವಳು ಒಂದು ಕೆಂಪು ಹೃದಯ ಒತ್ತಿ ಮುಗಿಸುತ್ತಾಳೆ. ನಾನು ಕನ್ನಡದಲ್ಲಿ ಒಂದು ಸಾಲು ಬರೆಯಬೇಕು ಎನ್ನುತ್ತೇನೆ. ಸಭೆಯಲ್ಲಿ ಒಳ್ಳೆಯ ಸಂಗತಿ ಬಂದಾಗ ಮುಂದಿನ ಸಾಲಿನವರು ತಲೆದೂಗುತ್ತಾರೆ, ಅದನ್ನು ನೋಡಿ ಹಾಡುವವರು ಇನ್ನೊಂದು ಸುತ್ತು ಬೆಳೆಸುತ್ತಾರೆ. ಕ್ಯಾಮೆರಾದ ಮುಂದೆ ಒಬ್ಬರೇ ಕೂತವರಿಗೆ ಆ ತಲೆ ಕಾಣುವುದಿಲ್ಲ. ಯಾವ ಜಾಗ ಹಿಡಿಸಿತು ಎಂದು ಬರೆದು ತಿಳಿಸಬೇಕು. "ಎಂಟನೇ ನಿಮಿಷದಲ್ಲಿ ಮೇಲಿನ ಷಡ್ಜದ ಮೇಲೆ ನಿಂತಿರಲ್ಲ, ಅದು" ಎಂದು ನಾನು ಹೇಳುತ್ತೇನೆ, ಅವಳು ಟೈಪ್ ಮಾಡುತ್ತಾಳೆ. ಮಕ್ಕಳು ಬರೆಯುವಾಗ ಮನೆಯ ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ವಿಳಾಸ, ಫೋನ್ ನಂಬರ್ ಅಲ್ಲಿ ಹಾಕಬಾರದು. ನಮ್ಮ ಮನೆಯಲ್ಲಿ ಕೆಳಗೆ 'ಅಜ್ಜಿ ಮತ್ತು ಮೊಮ್ಮಗಳು, ಮೈಸೂರು' ಎಂದಷ್ಟೇ ಬರೆಯುತ್ತೇವೆ. ಪ್ರತಿ ಸಲವೂ ಉತ್ತರ ಬರುವುದಿಲ್ಲ. ಆದರೆ ಅವರು ಓದುತ್ತಾರೆ. ನಮ್ಮ ಬೀದಿಯ ಕೊನೆಯ ಮನೆಯಲ್ಲಂತೂ ದಿನವೂ ರಾತ್ರಿ ಊಟವಾದ ಮೇಲೆ ಮಗ ಒಂದೊಂದನ್ನೂ ಗಟ್ಟಿಯಾಗಿ ಓದುತ್ತಾನೆ, ಅಪ್ಪ ಕೇಳಿಸಿಕೊಳ್ಳುತ್ತಾರೆ.